ಸ್ಟಾರ್ಟ್ ಆಗಿ ಸಾಯುವ ಹುಲ್ಲಿನ ಮಿಷನ್: ಕಾರ್ಬೊರೇಟರ್ ಬಿಚ್ಚುವ ಮೊದಲು

ಮಳೆ ಸ್ವಲ್ಪ ಬಿಟ್ಟ ಮೇಲೆ ನೋಡಿದರೆ ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿರುತ್ತದೆ. ಕೊನೆಕೊಯ್ಲು ಶುರುವಾಗುವ ಮೊದಲು ಅದನ್ನು ಹೊಡೆಯಲೇಬೇಕು. ಇಲ್ಲದಿದ್ದರೆ ಉದುರಿದ ಅಡಿಕೆ ಹೆಕ್ಕಲು ಆಗುವುದಿಲ್ಲ. ಕೊಟ್ಟಿಗೆ ಮೂಲೆಯಲ್ಲಿ ಮೂರು ತಿಂಗಳು ಮಲಗಿದ್ದ ವೀಡ್ ಕಟರ್ ಹೊರಗೆ ಬರುವುದು ಆಗಲೇ. ನಾಲ್ಕು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ. ಪರವಾಗಿಲ್ಲ ಅಂದುಕೊಂಡು ತೋಟಕ್ಕೆ ಇಳಿಸುತ್ತೇವೆ. ಎರಡು ಸಾಲು ಹೊಡೆಯುವಷ್ಟರಲ್ಲಿ ಸತ್ತೇ ಹೋಗುತ್ತದೆ.

ಸ್ಟಾರ್ಟೇ ಆಗದ ಮಿಷನ್ ಒಂದು ಲೆಕ್ಕದಲ್ಲಿ ವಾಸಿ. ಕಿಡಿ ಇಲ್ಲ, ಅಥವಾ ಪೆಟ್ರೋಲ್ ಇಲ್ಲ, ಅಥವಾ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇಲ್ಲ. ಹುಡುಕುವ ಜಾಗ ಕಡಿಮೆ. ಸ್ಟಾರ್ಟ್ ಆಗಿ ಸಾಯುವ ಮಿಷನ್‌ನಲ್ಲಿ ಎಲ್ಲವೂ ಇರುತ್ತದೆ, ಆದರೆ ಯಾವುದೋ ಒಂದು ಸ್ವಲ್ಪ ಹೊತ್ತಿಗೆ ಕೈ ಕೊಡುತ್ತದೆ. ಆ ಒಂದು ಯಾವುದು ಅಂತ ಹುಡುಕುವುದಕ್ಕೆ ನಾವು ಮಾಡುವ ಮೊದಲ ತಪ್ಪು ಅಂದರೆ ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್ ಬಿಚ್ಚುವುದು.

ನಾನೂ ಅದನ್ನೇ ಮಾಡಿದ್ದೆ. ನನ್ನ ಮಿಷನ್ ಹದಿನೈದು ನಿಮಿಷ ಓಡಿ ಆಫ್ ಆಗುತ್ತಿತ್ತು. ಐದು ನಿಮಿಷ ಬಿಟ್ಟರೆ ಮತ್ತೆ ಓಡುತ್ತಿತ್ತು. ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಏನೂ ಬದಲಾಗಲಿಲ್ಲ. ಪೇಟೆಯ ಅಂಗಡಿಗೆ ಒಯ್ದರೆ, "ಕಾರ್ಬೊರೇಟರ್ ಹೋಗಿದೆ ಸಾರ್" ಅಂತ ಹೊಸದು ಹಾಕಿದರು. ಅಂಗಡಿ ಮುಂದೆ ಐದು ನಿಮಿಷ ಓಡಿಸಿ ತೋರಿಸಿದರು. ಚೆನ್ನಾಗಿಯೇ ಓಡಿತು. ಮನೆಗೆ ಬಂದು ತೋಟಕ್ಕೆ ಇಳಿದರೆ ಸರಿಯಾಗಿ ಹದಿನೈದು ನಿಮಿಷಕ್ಕೆ ಮತ್ತೆ ಆಫ್. ಕೊನೆಗೆ ಗೊತ್ತಾಗಿದ್ದು ಏನೆಂದರೆ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತೂತು ಮಣ್ಣು, ಆಯಿಲ್ ಸೇರಿ ಮುಚ್ಚಿಕೊಂಡಿತ್ತು. ಹೊಲಿಗೆ ಸೂಜಿಯಲ್ಲಿ ಮುಗಿಯುವ ಕೆಲಸ. ಹದಿನೈದು ನಿಮಿಷಕ್ಕೆ ಬರುವ ರೋಗವನ್ನು ಐದು ನಿಮಿಷ ನೋಡಿದರೆ ಯಾರಿಗೂ ಕಾಣುವುದಿಲ್ಲ. ಅಂಗಡಿಯವರನ್ನು ಬೈದು ಏನು ಪ್ರಯೋಜನ, ಎಷ್ಟು ಹೊತ್ತಿಗೆ ಸಾಯುತ್ತದೆ ಅಂತ ನಾನೂ ಹೇಳಿರಲಿಲ್ಲ.

ಇಲ್ಲಿ ಬರೆಯುತ್ತಿರುವುದು ನಮ್ಮ ಮಲೆನಾಡಿನ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಟೂ-ಸ್ಟ್ರೋಕ್ ವೀಡ್ ಕಟರ್ ಬಗ್ಗೆ. 43 ಸಿಸಿ ಅಥವಾ 52 ಸಿಸಿ ಅಂತ ಮಾರುತ್ತಾರಲ್ಲ, ಅವು. ಎಂಜಿನ್ ಮೇಲೆ 40-5 ಅಥವಾ 44-5 ಅಂತ ಇದ್ದರೆ ಆ 40, 44 ಅನ್ನುವುದು ಸಿಲಿಂಡರ್ ಒಳಗಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಪಿಸ್ಟನ್, ರಿಂಗ್ ತರುವಾಗ ಈ ನಂಬರ್ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ. ಮರ ಕೊಯ್ಯುವ ಚೈನ್ ಸಾ, ಗುಂಡಿ ತೋಡುವ ಮಿಷನ್ ಇವಕ್ಕೂ ಮುಕ್ಕಾಲು ಪಾಲು ಇದೇ ಮಾತು ಹೊಂದುತ್ತದೆ.

ಯಾವಾಗ ಸಾಯುತ್ತದೆ?

ಮೊದಲು ಇದಕ್ಕೆ ಉತ್ತರ ಹುಡುಕಿ. ಸ್ಪ್ಯಾನರ್ ಆಮೇಲೆ.

ಚೋಕ್ ಹಾಕಿದಾಗ ಓಡುತ್ತದೆ, ಚೋಕ್ ತೆಗೆದ ಕೂಡಲೇ ಸಾಯುತ್ತದೆ ಅಂದರೆ ಎಂಜಿನ್‌ಗೆ ಪೆಟ್ರೋಲ್ ಸಾಕಾಗುತ್ತಿಲ್ಲ, ಅಥವಾ ಎಲ್ಲಿಂದಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದೆ. ಚೋಕ್ ಅಂದರೆ ಗಾಳಿಗೆ ಅಡ್ಡ ಹಿಡಿಯುವ ಬಾಗಿಲು ಅಷ್ಟೇ. ಗಾಳಿ ಕಡಿಮೆ ಮಾಡಿದಾಗ ಸರಿ ಓಡುತ್ತದೆ ಅಂದರೆ ಈಗ ಹೋಗುತ್ತಿರುವ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ.

ಸ್ಲೋದಲ್ಲಿ ಎಷ್ಟು ಹೊತ್ತಾದರೂ ಓಡುತ್ತದೆ, ರೇಸ್ ಕೊಟ್ಟರೆ ಉಸಿರು ಕಟ್ಟಿ ಸಾಯುತ್ತದೆ ಅಂದರೆ ಮೊದಲು ಟ್ಯಾಂಕಿನೊಳಗಿನ ಫಿಲ್ಟರ್, ಆಮೇಲೆ ಸೈಲೆನ್ಸರ್ ನೋಡಿ. ಸ್ವಲ್ಪ ಪೆಟ್ರೋಲ್ ಸಾಕಾಗುವಾಗ ಓಡುತ್ತದೆ, ಜಾಸ್ತಿ ಬೇಕಾದಾಗ ಬರುತ್ತಿಲ್ಲ. ಅಥವಾ ಹೊಗೆ ಹೊರಗೆ ಹೋಗಲು ದಾರಿ ಇಲ್ಲ.

ಇದಕ್ಕೆ ಉಲ್ಟಾ, ರೇಸ್‌ನಲ್ಲಿ ಚೆನ್ನಾಗಿ ಓಡಿ ಕೈ ಬಿಟ್ಟ ಕೂಡಲೇ ಸತ್ತರೆ ಅದು ರೋಗವೇ ಅಲ್ಲದಿರಬಹುದು. ರೇಸ್ ಕೊಡದಿದ್ದಾಗಿನ ವೇಗ ಹೊಂದಿಸುವ ಸ್ಲೋ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ ನೋಡಿ. ಆದರೆ ಕೈ ಬಿಟ್ಟಾಗಲೂ ಬ್ಲೇಡ್ ತಿರುಗುತ್ತಿದ್ದರೆ ಸ್ಲೋ ಜಾಸ್ತಿ ಆಯಿತು ಅಂತ ಲೆಕ್ಕ, ಸಡಿಲ ಮಾಡಿ. ತಿರುಗುವ ಬ್ಲೇಡ್ ಹಿಡಿದುಕೊಂಡು ತೋಟದ ಕಾದಿಗೆ (ನೀರಿನ ಕಾಲುವೆ) ದಾಟುವುದು ಒಳ್ಳೆಯದಲ್ಲ.

ಹತ್ತು ಹದಿನೈದು ನಿಮಿಷ ಓಡಿ, ಮೊದಲು ಗುಂಯ್ ಎಂದು ರೇಸ್ ತಾನಾಗಿ ಏರಿ, ಆಮೇಲೆ ನಿಧಾನಕ್ಕೆ ಸತ್ತರೆ ಪೆಟ್ರೋಲ್ ಕೊರತೆ. ಸ್ವಿಚ್ ಆಫ್ ಮಾಡಿದ ಹಾಗೆ ಟಕ್ ಎಂದು ಸತ್ತರೆ ಕಿಡಿಯ ಕೊರತೆ. ಈ ಒಂದು ವ್ಯತ್ಯಾಸವನ್ನು ಕಿವಿಗೆ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮಿಷನ್ ಹಿಡಿದವನಿಗೆ ಕೇಳಿ. ಅವನಿಗೆ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ.

ದಟ್ಟ ಹುಲ್ಲಿಗೆ ಕೊಟ್ಟಾಗ ಮಾತ್ರ ಸಾಯುತ್ತದೆ ಅಂತಾದರೆ ಎಂಜಿನ್ ಬಿಡಿ, ಕೆಳಗೆ ನೋಡಿ. ಗೇರ್ ತಲೆಗೆ ಹುಲ್ಲು, ಬಳ್ಳಿ ಸುತ್ತಿಕೊಂಡು ಬಿಗಿಯಾಗಿರುತ್ತದೆ. ನೈಲಾನ್ ದಾರ ಹಾಕುವವರು ಕಾಲಿಗೆ ಅಡ್ಡ ಇರುವ ಗಾರ್ಡ್ ತೆಗೆದು ಬಿಸಾಡುತ್ತಾರೆ. ಆ ಗಾರ್ಡಿನಲ್ಲೇ ದಾರವನ್ನು ಅಳತೆಗೆ ಕತ್ತರಿಸುವ ಸಣ್ಣ ಬ್ಲೇಡ್ ಇರುವುದು. ಅದು ಇಲ್ಲದಿದ್ದರೆ ದಾರ ಉದ್ದವಾಗುತ್ತದೆ, ಎಂಜಿನ್‌ಗೆ ಭಾರ ಬೀಳುತ್ತದೆ, ಬಿಸಿ ಏರುತ್ತದೆ.

ಸತ್ತ ಕೂಡಲೇ ಪ್ಲಗ್ ಬಿಚ್ಚಿ

ಕೂಡಲೇ ಅಂದರೆ ಕೂಡಲೇ. ಮನೆಗೆ ಹೊತ್ತು ತಂದು, ಕಾಫಿ ಕುಡಿದು ಬಿಚ್ಚಿದರೆ ಸಾಕ್ಷಿ ಇರುವುದಿಲ್ಲ. ಪ್ಲಗ್ ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸಿಕೊಂಡೇ ತೋಟಕ್ಕೆ ಹೋಗಿ. ಸೈಲೆನ್ಸರ್ ಪಕ್ಕದಲ್ಲೇ ಕಾದಿರುತ್ತದೆ, ಕೈ ಜೋಪಾನ.

ಪ್ಲಗ್ ಅಂದರೆ ಸಿಲಿಂಡರ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್. ಅದರ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ, ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಆಗ ಕಿಡಿ ಕಡೆ ಹೋಗಬೇಕು, ಇಲ್ಲವೇ ಪೆಟ್ರೋಲೇ ಜಾಸ್ತಿಯಾಗಿ ಉಕ್ಕಿದೆ.

ಬಣ್ಣವೂ ಮಾತಾಡುತ್ತದೆ. ಚೆನ್ನಾಗಿ ಓಡುವ ಎಂಜಿನ್‌ನ ಪ್ಲಗ್ ತುದಿ ಕಾಫಿಗೆ ಹಾಲು ಜಾಸ್ತಿ ಹಾಕಿದ ಬಣ್ಣದಲ್ಲಿರುತ್ತದೆ. ಕರಿ ಮಸಿ, ಜಿಡ್ಡು ಇದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಮುಚ್ಚಿಕೊಂಡಿದೆ. ಸುಣ್ಣದ ಹಾಗೆ ಬಿಳಿಯಾಗಿದ್ದರೆ ಹುಷಾರು. ಗಾಳಿ ಜಾಸ್ತಿಯಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಅದನ್ನು ಹಾಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರ್‌ಗೆ ಕಚ್ಚಿಕೊಂಡು ನಿಲ್ಲುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ ಅಲ್ವಾ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ.

ಒಣ ಪ್ಲಗ್ ಸಿಕ್ಕಿದರೆ ಇನ್ನೊಂದು ಪರೀಕ್ಷೆ ಇದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ನಾಲ್ಕೈದು ಹನಿ ಪ್ಲಗ್ ತೂತಿಗೆ ಬಿಡಿ. ಪ್ಲಗ್ ಹಾಕಿ ಹಗ್ಗ ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ಸತ್ತರೆ ಕಿಡಿ ಸರಿ ಇದೆ, ಕಂಪ್ರೆಷನ್ ಇದೆ, ತೊಂದರೆ ಇರುವುದು ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ದಾರಿಯಲ್ಲಿ. ಎಂಜಿನ್ ಕಾದಿರುವಾಗ ಇದನ್ನು ಮಾಡಬೇಡಿ, ತಣ್ಣಗಾಗಲು ಬಿಡಿ.

ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಈ ಮಿಷನ್‌ಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಹಳೇ ಪ್ಲಗ್ಗನ್ನು ಉಜ್ಜಿ ಉಜ್ಜಿ ಕಾಲ ಕಳೆಯಬೇಡಿ. ಹೊಸದೊಂದು ಯಾವಾಗಲೂ ಮನೆಯಲ್ಲಿರಲಿ. ಹೊಸ ಪ್ಲಗ್ ಹಾಕಿ ನೋಡುವುದೇ ಒಂದು ಪರೀಕ್ಷೆ.

ಪೆಟ್ರೋಲ್ ಅಂದರೆ ಯಾವ ಪೆಟ್ರೋಲ್?

ಜೂನ್‌ನಲ್ಲಿ ತಂದು ಕ್ಯಾನ್‌ನಲ್ಲಿಟ್ಟ ಪೆಟ್ರೋಲನ್ನು ಸೆಪ್ಟೆಂಬರ್‌ನಲ್ಲಿ ಹಾಕಿದರೆ ಮಿಷನ್ ಸಾಯದೆ ಇನ್ನೇನು ಮಾಡುತ್ತದೆ? ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇ. 20 ಎಥನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚುಕಮ್ಮಿ ಅದೇ. ಎಥನಾಲ್‌ಗೆ ನೀರು ಹೀರುವ ಗುಣ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಇನ್ನು ಮುಚ್ಚಳ ಸಡಿಲ ಇರುವ ಪೆಟ್ರೋಲ್ ಕ್ಯಾನ್ ಗತಿ ಏನು? ನೀರು ಒಂದು ಮಿತಿ ದಾಟಿದ ಮೇಲೆ ಎಥನಾಲ್, ನೀರು ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ.

ನೋಡುವುದು ಸುಲಭ. ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು, ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ ಅದೇ ಅಪರಾಧಿ. ಹುಳಿ ಹುಳಿಯಾದ ವಾರ್ನಿಶ್ ವಾಸನೆ ಬಂದರೂ ಅದನ್ನು ಮಿಷನ್‌ಗೆ ಹಾಕಬೇಡಿ. ಒಂದು ತಿಂಗಳಿಗಿಂತ ಹಳೆಯ ಮಿಶ್ರಣ ನಾನು ಹಾಕುವುದಿಲ್ಲ. ಜಿಪುಣತನ ಮಾಡಿ ಉಳಿಸಿದ ಅರ್ಧ ಲೀಟರ್ ಪೆಟ್ರೋಲ್ ಒಂದು ದಿನದ ಕೂಲಿ ತಿನ್ನುತ್ತದೆ.

ಇನ್ನು ಆಯಿಲ್. ಮಿಷನ್ ಜೊತೆ ಬಂದ ಪುಸ್ತಕದಲ್ಲಿ 25:1 ಅಂತ ಇದ್ದರೆ ಲೀಟರ್‌ಗೆ 40 ಮಿಲಿ. 40:1 ಇದ್ದರೆ 25 ಮಿಲಿ. 50:1 ಇದ್ದರೆ 20 ಮಿಲಿ. ಅಂದಾಜಿನಲ್ಲಿ ಮುಚ್ಚಳದಲ್ಲಿ ಸುರಿಯುವ ಅಭ್ಯಾಸ ಬಿಡಿ. ದನದ ಔಷಧಿ ಕೊಡುವ ದೊಡ್ಡ ಸಿರಿಂಜ್ ಒಂದು ಇದಕ್ಕೇ ಇಟ್ಟುಕೊಂಡರೆ ಸಾಕು. ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ನಮ್ಮ ಪಕ್ಕದ ಮನೆ ಭಾವ ಅಂಥವರು. ಅವರ ಮಿಷನ್ ಹೊಡೆಯುವ ಹೊಗೆಗೆ ಸೊಳ್ಳೆ ಹತ್ತಿರ ಬರುವುದಿಲ್ಲ, ನಿಜ. ಆದರೆ ವರ್ಷಕ್ಕೆ ಎರಡು ಸಲ ಸೈಲೆನ್ಸರ್ ಬಿಚ್ಚಿ ಮಸಿ ಕೆರೆಯುತ್ತಾರೆ. ಮಿಶ್ರಣವನ್ನು ಟ್ಯಾಂಕಿನಲ್ಲೇ ಮಾಡಬೇಡಿ. ಬೇರೆ ಕ್ಯಾನ್‌ನಲ್ಲಿ ಬೆರೆಸಿ, ಕುಲುಕಿ, ಆಮೇಲೆ ಸುರಿಯಿರಿ.

ಟ್ಯಾಂಕಿನಿಂದ ಮೇಲಕ್ಕೆ

ಈ ಮಿಷನ್‌ಗಳಲ್ಲಿ ಟ್ಯಾಂಕ್ ಕೆಳಗೆ, ಕಾರ್ಬೊರೇಟರ್ ಮೇಲೆ. ಬೈಕಿನ ಹಾಗೆ ಪೆಟ್ರೋಲ್ ತಾನಾಗಿ ಇಳಿದು ಬರುವುದಿಲ್ಲ. ಎಂಜಿನ್ ತಿರುಗುವಾಗ ಪಿಸ್ಟನ್ ಕೆಳಗಿನ ಗೂಡು, ಕ್ರ್ಯಾಂಕ್ ಕೇಸ್, ಒಳಗೆ ಒತ್ತಡ ಏರಿಳಿಯುತ್ತದೆ. ಆ ಬಡಿತಕ್ಕೆ ಕಾರ್ಬೊರೇಟರ್‌ನೊಳಗಿನ ತೆಳ್ಳಗಿನ ಹಾಳೆಯೊಂದು, ಡಯಾಫ್ರಂ, ಹೃದಯದ ಹಾಗೆ ಕುಣಿದು ಪೆಟ್ರೋಲನ್ನು ಮೇಲಕ್ಕೆ ಎಳೆಯುತ್ತದೆ. ಎಳೆಯುವ ಶಕ್ತಿ ಬಹಳ ಕಮ್ಮಿ. ದಾರಿಯಲ್ಲಿ ಸಣ್ಣ ತಡೆ ಇದ್ದರೂ, ಸಣ್ಣ ಬಿರುಕಿದ್ದರೂ ಕೆಲಸ ಕೆಡುತ್ತದೆ.

ಮೊದಲು ಮುಚ್ಚಳ. ಸಾಯುವ ಹೊತ್ತಿಗೆ ಸರಿಯಾಗಿ ಮುಚ್ಚಳವನ್ನು ಸ್ವಲ್ಪ ಸಡಿಲ ಮಾಡಿ. ಸುಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಎಂಜಿನ್ ಚೇತರಿಸಿಕೊಂಡರೆ ತೂತು ಮುಚ್ಚಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಟ್ಯಾಂಕ್ ಒಳಗೆ ನಿರ್ವಾತ ಆಗಿರುತ್ತದೆ. ಮಿಷನ್ ನೆಲದ ಮೇಲಿಟ್ಟು ನೋಡಿ, ಹೆಗಲ ಮೇಲೆ ಇಟ್ಟುಕೊಂಡು ಮುಚ್ಚಳ ಬಿಚ್ಚಬೇಡಿ. ಪೆಟ್ರೋಲ್ ಬಿಸಿ ಸೈಲೆನ್ಸರ್ ಮೇಲೆ ಚೆಲ್ಲಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಆಮೇಲೆ ಪೈಪು. ಕಾರ್ಬೊರೇಟರ್ ಬುಡದ ಪ್ಲಾಸ್ಟಿಕ್ ಗುಳ್ಳೆ ಒತ್ತುತ್ತಾ ಹೋಗಿ. ಹತ್ತು ಸಲ ಒತ್ತುವಷ್ಟರಲ್ಲಿ ಗುಳ್ಳೆ ತುಂಬಾ ಪೆಟ್ರೋಲ್ ಬಂದು, ವಾಪಸ್ ಪೈಪಿನಲ್ಲಿ ಟ್ಯಾಂಕಿಗೆ ಮರಳುವುದು ಕಾಣಬೇಕು. ಎಷ್ಟು ಒತ್ತಿದರೂ ಗಾಳಿ ಗುಳುಗುಳು ಬರುತ್ತಲೇ ಇದ್ದರೆ ಪೈಪು ಎಲ್ಲೋ ಬಿರುಕು ಬಿಟ್ಟಿದೆ, ಇಲ್ಲವೇ ಗುಳ್ಳೆಯೇ ಸೀಳಿದೆ. ಪೈಪು ಬಿರುಕು ಬಿಡುವುದು ಹೆಚ್ಚಾಗಿ ಟ್ಯಾಂಕಿನ ರಬ್ಬರ್ ಬುಷ್ ಒಳಗೆ ಹೋಗುವ ಜಾಗದಲ್ಲಿ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಬಗ್ಗಿಸಿ ನೋಡಿ. ಎಥನಾಲ್ ಪೆಟ್ರೋಲ್‌ಗೆ ಹಳೇ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ಇಲ್ಲವೇ ಬೆಲ್ಲದ ಪಾಕದ ಹಾಗೆ ಅಂಟಂಟಾಗುತ್ತದೆ.

ಒಂದು ತಪ್ಪು ನಂಬಿಕೆ ಇಲ್ಲೇ ಹೇಳಿಬಿಡುತ್ತೇನೆ. ಈ ಗುಳ್ಳೆ ಒತ್ತಿದಷ್ಟೂ ಎಂಜಿನ್‌ಗೆ ಪೆಟ್ರೋಲ್ ಹೋಗುತ್ತದೆ ಅಂತ ಮೂವತ್ತು ನಲವತ್ತು ಸಲ ಒತ್ತುವವರಿದ್ದಾರೆ. ವಾಪಸ್ ಪೈಪ್ ಇರುವ ಮಿಷನ್‌ನಲ್ಲಿ ಅದು ಪೈಪಿನ ಗಾಳಿ ತೆಗೆದು ಕಾರ್ಬೊರೇಟರ್ ತುಂಬಿಸುತ್ತದೆ, ಹೆಚ್ಚಿದ್ದು ಟ್ಯಾಂಕಿಗೇ ಹೋಗುತ್ತದೆ. ಓವರ್ ಆಗುವುದು, ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಜಾಸ್ತಿಯಾಗುವುದು, ಚೋಕ್ ಹಾಕಿ ಹಗ್ಗ ಎಳೆದು ಎಳೆದು. ಹಾಗೆ ಓವರ್ ಆಗಿದ್ದರೆ ಪ್ಲಗ್ ಬಿಚ್ಚಿ, ಚೋಕ್ ತೆಗೆದು, ಸ್ವಿಚ್ ಆಫ್ ಇಟ್ಟು, ಮಿಷನ್ ವಾಲಿಸಿ ಎಂಟು ಹತ್ತು ಸಲ ಹಗ್ಗ ಎಳೆಯಿರಿ. ಒಣಗಿಸಿದ ಪ್ಲಗ್ ಹಾಕಿ ಮತ್ತೆ ನೋಡಿ.

ಫಿಲ್ಟರ್ ಟ್ಯಾಂಕಿನೊಳಗೆ ಪೈಪಿನ ತುದಿಯಲ್ಲಿ ತೂಗಾಡುತ್ತಿರುತ್ತದೆ. ತಂತಿಯ ತುದಿ ಕೊಕ್ಕೆ ಮಾಡಿ ಮೀನು ಹಿಡಿದ ಹಾಗೆ ಎಳೆಯಿರಿ. ಕಪ್ಪಗೆ, ಜಿಡ್ಡಾಗಿದ್ದರೆ ಹೊಸದು ಹಾಕಿ. ಬೆಲೆ ಬಹಳ ಕಮ್ಮಿ, ತೊಳೆಯುವ ಕೆಲಸ ಬೇಡ. ಕೆಲವರು ಫಿಲ್ಟರ್ ಬಿಸಾಡಿ ಬರೀ ಪೈಪು ಬಿಡುತ್ತಾರೆ. ಆಗ ಎರಡು ತೊಂದರೆ. ಕಸ ನೇರ ಕಾರ್ಬೊರೇಟರ್‌ಗೆ ಹೋಗುತ್ತದೆ. ಜೊತೆಗೆ ಫಿಲ್ಟರ್‌ನ ಭಾರಕ್ಕೆ ಪೈಪಿನ ತುದಿ ಪೆಟ್ರೋಲ್ ಇರುವ ಕಡೆಗೆ ವಾಲುವುದು. ಭಾರ ಇಲ್ಲದ ಪೈಪು ಮೇಲೆ ತೇಲುತ್ತದೆ, ಇಳಿಜಾರಿನಲ್ಲಿ ಮಿಷನ್ ವಾಲಿದಾಗ ಗಾಳಿ ಕುಡಿಯುತ್ತದೆ. "ಬ್ಯಾಣದಲ್ಲಿ ಮಾತ್ರ ಸಾಯ್ತದೆ, ತೋಟದಲ್ಲಿ ಸರಿ ಇರ್ತದೆ" ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. ಬ್ಯಾಣ ಅಂದರೆ ಇಳಿಜಾರಿನ ಹುಲ್ಲುಗಾವಲು.

ಈಗ ಕಾರ್ಬೊರೇಟರ್

ಇಷ್ಟೆಲ್ಲ ನೋಡಿದ ಮೇಲೂ ಪ್ಲಗ್ ಒಣಗೇ ಇದ್ದರೆ ಕಾರ್ಬೊರೇಟರ್ ಬಿಚ್ಚಲು ಹಕ್ಕು ಬಂತು. ಬಿಳಿ ಪಂಚೆ ಅಥವಾ ಟವೆಲ್ ಹಾಸಿಕೊಂಡು ಕೂರಿ. ಸ್ಪ್ರಿಂಗ್ ಒಂದು ಇದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಹಾರಿದರೆ ಅಂಗಳದಲ್ಲಿ ಸಿಗುವುದಿಲ್ಲ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಯಾವ ಕಡೆ ಗ್ಯಾಸ್ಕೆಟ್ ಮೊದಲು, ಯಾವ ಕಡೆ ಡಯಾಫ್ರಂ ಮೊದಲು ಅನ್ನುವುದು ಎರಡು ಬದಿಯಲ್ಲಿ ಒಂದೇ ರೀತಿ ಇರುವುದಿಲ್ಲ. ಅದಲು ಬದಲಾದರೆ ಮಿಷನ್ ಜನ್ಮದಲ್ಲಿ ಓಡುವುದಿಲ್ಲ, ಮತ್ತು ಯಾಕೆ ಅಂತ ನಿಮಗೆ ಗೊತ್ತೂ ಆಗುವುದಿಲ್ಲ.

ಒಂದು ಬದಿ ಮುಚ್ಚಳ ತೆಗೆದರೆ ಪೆಟ್ರೋಲ್ ಎಳೆಯುವ ಡಯಾಫ್ರಂ, ಒಳಗೆ ಸಣ್ಣ ಜಾಲರಿ. ಉಗುರಿಗಿಂತ ಚಿಕ್ಕದು. ಫಿಲ್ಟರ್ ದಾಟಿ ಬಂದ ಕಸವೆಲ್ಲ ಇಲ್ಲಿ ನಿಂತಿರುತ್ತದೆ. ಇನ್ನೊಂದು ಬದಿಯಲ್ಲಿ ಎರಡನೇ ಡಯಾಫ್ರಂ, ಅದರ ಕೆಳಗೆ ಪೆಟ್ರೋಲ್ ದಾರಿ ತೆರೆಯುವ ಸೂಜಿಯನ್ನು ಎತ್ತುವ ಲಿವರ್. ಡಯಾಫ್ರಂ ಬೆರಳಲ್ಲಿ ಹಿಡಿದು ಮಡಚಿ ನೋಡಿ. ತೆಳು ಬಟ್ಟೆಯ ಹಾಗೆ ಮೆತ್ತಗೆ ಬಗ್ಗಬೇಕು. ಒಣಗಿದ ಬಾಳೆಲೆಯ ಹಾಗೆ ಚರಚರ ಅಂದರೆ ಅದರ ಆಯುಷ್ಯ ಮುಗಿಯಿತು. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ತೂತಿಲ್ಲ, ಹರಿದಿಲ್ಲ. ಆದರೆ ಗಟ್ಟಿಯಾದ ಡಯಾಫ್ರಂ ಸೂಜಿಯನ್ನು ಪೂರ್ತಿ ಎತ್ತುವುದಿಲ್ಲ, ಪೆಟ್ರೋಲ್ ಸಾಕಾಗುವುದಿಲ್ಲ. ಡಯಾಫ್ರಂ, ಗ್ಯಾಸ್ಕೆಟ್ ಸೇರಿದ ಕಿಟ್ ಸಿಗುತ್ತದೆ. ನಿಮ್ಮ ಕಾರ್ಬೊರೇಟರ್‌ನ ಫೋಟೋ ಅಂಗಡಿಯಲ್ಲಿ ತೋರಿಸಿಯೇ ತನ್ನಿ.

ತೊಳೆಯಲು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ. ಅದು ಡಯಾಫ್ರಂ ಮೇಲೆ ಬೀಳಬಾರದು. ಸಣ್ಣ ತೂತಿಗೆ ತಂತಿ ತುರುಕಬೇಡಿ, ತೂತಿನ ಅಳತೆಯೇ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಗಾಳಿ ಹೊಡೆಸುವುದಾದರೆ ಡಯಾಫ್ರಂ ಎರಡೂ ತೆಗೆದ ಮೇಲೆ ಮಾತ್ರ.

ಹೊರಗೆ ಎಲ್, ಎಚ್ ಅಂತ ಎರಡು ಸ್ಕ್ರೂ (ಎಲ್ ಸ್ಲೋಗೆ, ಎಚ್ ರೇಸ್‌ಗೆ ಪೆಟ್ರೋಲ್ ಹೊಂದಿಸುವುದು) ಇದ್ದರೆ ಮುಟ್ಟುವ ಮೊದಲು ಎಣಿಸಿ. ನಿಧಾನಕ್ಕೆ ಬಲಕ್ಕೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ತಳ ಮುಟ್ಟಿದ ಮೇಲೆ ಒತ್ತಬೇಡಿ. ವಾಪಸ್ ಅಷ್ಟೇ ಸುತ್ತು ತನ್ನಿ. ಎಚ್ ಸ್ಕ್ರೂ ಬಿಗಿ ಮಾಡಿದರೆ ಖಾಲಿ ರೇಸ್‌ನಲ್ಲಿ ಎಂಜಿನ್ ಸಕತ್ ಕೂಗುತ್ತದೆ, ಕೇಳಲು ಚೆಂದ. ಅದು ಪೆಟ್ರೋಲ್ ಕಮ್ಮಿಯಾದ ಕೂಗು. ಸರಿಯಾಗಿರುವ ಮಿಷನ್ ಖಾಲಿ ಪೂರ್ತಿ ರೇಸ್‌ನಲ್ಲಿ ಸ್ವಲ್ಪ ಬರಬರ ಅನ್ನಬೇಕು, ಹುಲ್ಲಿಗೆ ಕೊಟ್ಟಾಗ ಆ ಸದ್ದು ಸ್ವಚ್ಛ ಆಗಬೇಕು. ಹೊಸ ಮಿಷನ್‌ಗಳಲ್ಲಿ ಕೆಲವಕ್ಕೆ ಈ ಸ್ಕ್ರೂಗಳೇ ಇಲ್ಲ. ಒಳ್ಳೆಯದೇ ಆಯಿತು.

ಟಕ್ ಎಂದು ಸಾಯುವುದು

ಇದು ಕಿಡಿಯ ಕಥೆ. ಇಲ್ಲಿ ನನಗೆ ಪಾಠ ಕಲಿಸಿದ್ದು ನಮ್ಮಲ್ಲಿ ಹುಲ್ಲು ಹೊಡೆಯಲು ಬರುವ ಹುಡುಗ. ಮಿಷನ್ ಸಾಯುತ್ತಿತ್ತು, ಎಳೆದ ಕೂಡಲೇ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಗೂ ಅದಕ್ಕೂ ಸಂಬಂಧ ಇಲ್ಲ. ಪ್ಲಗ್ ಬದಲಿಸಿದೆ. ಫಿಲ್ಟರ್ ಬದಲಿಸಿದೆ. ಮೂರನೇ ದಿನ ಅವನೇ ಹೇಳಿದ, "ಅಣ್ಣ, ಎಡಕ್ಕೆ ಬೀಸಿದಾಗ ಮಾತ್ರ ಸಾಯ್ತದೆ. ಬಲಕ್ಕೆ ಬೀಸಿದ್ರೆ ಸಾಯಲ್ಲ." ನಗು ಬಂತು. ಆದರೂ ಮಿಷನ್ ಓಡಿಸಿ, ನಿಂತಲ್ಲೇ ಹ್ಯಾಂಡಲ್ ಪಕ್ಕದ ಕಪ್ಪು ಕೊಳವೆಯನ್ನು ಕೈಯಲ್ಲಿ ಹಿಡಿದು ಎಡಕ್ಕೆ ಎಳೆದೆ. ಟಕ್. ಸತ್ತಿತು.

ಸ್ವಿಚ್ ಒತ್ತಿದಾಗ ಎಂಜಿನ್ ನಿಲ್ಲುವುದು ಹೇಗೆ ಅಂದರೆ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಬಂದ ತಂತಿ ಎಂಜಿನ್‌ನ ಲೋಹಕ್ಕೆ ತಾಗಿ ಅರ್ತ್ ಆಗುತ್ತದೆ, ಪ್ಲಗ್‌ಗೆ ಕಿಡಿ ಹೋಗುವುದಿಲ್ಲ. ಆ ತಂತಿ ರೇಸ್ ಕೇಬಲ್ ಜೊತೆಗೇ ಕೊಳವೆಯೊಳಗೆ ಹ್ಯಾಂಡಲ್‌ವರೆಗೆ ಬರುತ್ತದೆ. ನಡುಕಕ್ಕೆ ಉಜ್ಜಿ ಉಜ್ಜಿ ಅದರ ಪ್ಲಾಸ್ಟಿಕ್ ಒಂದು ಕಡೆ ಸವೆದಿತ್ತು. ಎಡಕ್ಕೆ ಬೀಸಿದಾಗ ಬರಿ ತಾಮ್ರ ಮಿಷನ್‌ನ ಉದ್ದನೆಯ ಅಲ್ಯೂಮಿನಿಯಂ ದಂಡಕ್ಕೆ ತಾಗುತ್ತಿತ್ತು. ಯಾರೋ ಸ್ವಿಚ್ ಒತ್ತಿದ ಹಾಗೇ ಆಯಿತಲ್ಲ. ಒಂದು ಗೇಣು ಇನ್ಸುಲೇಷನ್ ಟೇಪ್ ಸುತ್ತಿದೆ, ಮುಗಿಯಿತು.

ನಿಮ್ಮಲ್ಲೂ ಈ ಅನುಮಾನ ಇದ್ದರೆ ಎಂಜಿನ್ ಹತ್ತಿರ ಆ ತಂತಿಯ ಜೋಡಣೆ ಬಿಚ್ಚಿ, ಬೇರೆ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ, ಓಡಿಸಿ ನೋಡಿ. ಸಾಯದಿದ್ದರೆ ತಂತಿ ಅಥವಾ ಸ್ವಿಚ್ ಕೆಟ್ಟಿದೆ. ಆಗ ಸ್ವಿಚ್ಚಿನಲ್ಲಿ ಮಿಷನ್ ನಿಲ್ಲುವುದಿಲ್ಲ, ಚೋಕ್ ಹಾಕಿ ನಿಲ್ಲಿಸಬೇಕು. ಇದು ಪರೀಕ್ಷೆಗೆ ಮಾತ್ರ. ಸ್ವಿಚ್ ಇಲ್ಲದ ಮಿಷನ್ ಕೊಟ್ಟು ಯಾರನ್ನೂ ಕೆಲಸಕ್ಕೆ ಕಳಿಸಬೇಡಿ.

ಅರ್ಧ ಗಂಟೆ ಓಡಿ ಟಕ್ ಎಂದು ಸತ್ತು, ಪೂರ್ತಿ ತಣ್ಣಗಾಗುವವರೆಗೆ ಸ್ಟಾರ್ಟ್ ಆಗದಿದ್ದರೆ ಕಾಯಿಲ್ ಮೇಲೆ ಅನುಮಾನ ಪಡಿ. ತಣ್ಣಗಿರುವಾಗ ಚೆನ್ನಾಗಿ ಕಿಡಿ ಕೊಟ್ಟು, ಕಾದಾಗ ಕೈ ಎತ್ತುವ ಕಾಯಿಲ್‌ಗಳಿವೆ. ಸತ್ತ ಕೂಡಲೇ ಹೊಸ ಪ್ಲಗ್ ಒಂದನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರ್‌ಗೆ ತಾಗಿಸಿ ಹಗ್ಗ ಎಳೆಯಿರಿ. ಹಳೇ ಪ್ಲಗ್ ತನ್ನ ಜಾಗದಲ್ಲೇ ಇರಲಿ. ತೆರೆದ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಬಾರದು. ಕಾದಾಗ ಕಿಡಿ ಇಲ್ಲ, ಒಂದು ಗಂಟೆ ಬಿಟ್ಟು ನೋಡಿದರೆ ಇದೆ ಅಂತಾದರೆ ಕಾಯಿಲ್ ಬದಲಿಸಿ. ಹೊಸದು ಕೂರಿಸುವಾಗ ಎಂಜಿನ್ ಜೊತೆ ತಿರುಗುವ ಚಕ್ರ, ಫ್ಲೈವೀಲ್‌ನ ಮ್ಯಾಗ್ನೆಟ್‌ಗೂ ಕಾಯಿಲ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಬೇಕು. ದಪ್ಪ ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಸ್ಕ್ರೂ ಬಿಗಿ ಮಾಡಿ ಎಳೆದು ತೆಗೆದರೆ ಸರಿಹೋಗುತ್ತದೆ. ಮಳೆಗಾಲ ಕಳೆದ ಮೇಲೆ ಮ್ಯಾಗ್ನೆಟ್ ಮೇಲೆ ತುಕ್ಕು ಇರುತ್ತದೆ, ಉಪ್ಪುಕಾಗದದಲ್ಲಿ ಉಜ್ಜಿ.

ಕಾಯಿಲ್ ಬದಲಿಸುವ ಮೊದಲು ಮೇಲಿನ ಕವರ್ ತೆಗೆದು ಸಿಲಿಂಡರ್‌ನ ರೆಕ್ಕೆಗಳ ನಡುವೆ ನೋಡಿ. ಹುಲ್ಲಿನ ಪುಡಿ, ಮಣ್ಣು ಸೇರಿ ಗೋಡೆ ಕಟ್ಟಿರುತ್ತದೆ. ಗಾಳಿ ಆಡದ ಎಂಜಿನ್ ಕಾದೇ ಕಾಯುತ್ತದೆ. ಸುಮ್ನೆ ಹೊಸ ಕಾಯಿಲ್ ಹಾಕಿದರೆ ಅದೂ ಸುಟ್ಟು ಹೋಗುತ್ತದೆ.

ಸೈಲೆನ್ಸರ್, ಏರ್ ಫಿಲ್ಟರ್

ಇವೆರಡಕ್ಕೆ ಹೆಚ್ಚು ಮಾತು ಬೇಡ. ಏರ್ ಫಿಲ್ಟರ್ ಸ್ಪಂಜ್ ಆದರೆ ಸೋಪು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ ಹಾಕಿ. ಸೈಲೆನ್ಸರ್ ಬಾಯಲ್ಲಿ ಕಿಡಿ ತಡೆಯುವ ಜಾಲರಿ ಇದ್ದರೆ ಮಸಿ ಕಟ್ಟಿರುತ್ತದೆ, ತಂತಿ ಬ್ರಷ್‌ನಲ್ಲಿ ಉಜ್ಜಿ. ಮೂರು ತಿಂಗಳು ಸುಮ್ಮನಿದ್ದ ಮಿಷನ್‌ನ ಸೈಲೆನ್ಸರ್‌ನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಸೈಲೆನ್ಸರ್ ಬಿಚ್ಚಿದಾಗ ಸಿಲಿಂಡರ್‌ನ ಹೊಗೆ ಬಾಯಿಯಲ್ಲಿ ಮಸಿ ಕಂಡರೆ, ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ ಆ ಬಾಯಿಗೆ ಅಡ್ಡ ಬರುವ ಹಾಗೆ ನಿಲ್ಲಿಸಿ ಕೆರೆಯಿರಿ. ಆಗ ಮಸಿ ಒಳಗೆ ಬೀಳುವುದಿಲ್ಲ. ಸ್ಕ್ರೂಡ್ರೈವರ್ ಬೇಡ, ಅಡಿಕೆ ದಬ್ಬೆಯ ಚೂರು ಸಾಕು.

ಅದೇ ಬಾಯಿಂದ ಪಿಸ್ಟನ್‌ನ ಮೈ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ. ನುಣ್ಣಗಿದ್ದರೆ ಸಮಾಧಾನ. ಉದ್ದುದ್ದ ಗೀರು ಇದ್ದರೆ ಎಂಜಿನ್ ಒಮ್ಮೆ ಸೀಜ್ ಆಗಲು ಹೊರಟಿತ್ತು ಅಂತ ಅರ್ಥ.

ಮೆಕ್ಯಾನಿಕ್ ಬೇಕಾಗುವುದು ಇಲ್ಲಿ

ಗೀರು ಬಿದ್ದ ಪಿಸ್ಟನ್, ಸೋರುವ ಸೀಲ್ ಇವು ಮನೆ ಕೆಲಸವಲ್ಲ. ಹಗ್ಗ ಎಳೆಯುವಾಗ ಒಂದು ಹಂತದಲ್ಲಿ ಕೈಗೆ ಗಟ್ಟಿ ತಡೆ ಸಿಗಬೇಕು. ಬಾವಿಯ ಖಾಲಿ ರಾಟೆಯ ಹಾಗೆ ಸಲೀಸಾಗಿ ಬಂದರೆ ಕಂಪ್ರೆಷನ್ ಹೋಗಿದೆ. ಗೇಜ್ ಇರುವವರ ಹತ್ತಿರ ಅಳೆಸಿ. 100 ಪಿಎಸ್‌ಐಗಿಂತ (ಒತ್ತಡದ ಅಳತೆ) ಕೆಳಗೆ ಬಂದ ಎಂಜಿನ್ ಕಾದ ಮೇಲೆ ಕೈ ಕೊಡುವುದು ಸಾಮಾನ್ಯ.

ಸ್ಲೋದಲ್ಲಿ ಒಮ್ಮೆ ಏರಿ ಒಮ್ಮೆ ಇಳಿದು ತೂರಾಡಿದರೆ, ಕೈ ಬಿಟ್ಟರೂ ರೇಸ್ ಬೇಗ ಇಳಿಯದಿದ್ದರೆ ಗಾಳಿ ಸೋರಿಕೆ. ಕಾರ್ಬೊರೇಟರ್‌ಗೂ ಸಿಲಿಂಡರ್‌ಗೂ ನಡುವೆ ಕಪ್ಪು ಪ್ಲಾಸ್ಟಿಕ್ ತುಂಡು, ಅದರ ಎರಡು ಬದಿಗೆ ಪ್ಯಾಕಿಂಗ್ ಇರುತ್ತದೆ. ಆ ಸ್ಕ್ರೂಗಳು ನಡುಕಕ್ಕೆ ಸಡಿಲ ಆಗುತ್ತವೆ. ಅವನ್ನು ಬಿಗಿ ಮಾಡುವುದು ನಿಮ್ಮ ಕೆಲಸ, ಪ್ಯಾಕಿಂಗ್ ಹರಿದಿದ್ದರೆ ಹೊಸದು. ಅಷ್ಟಕ್ಕೂ ನಿಲ್ಲದಿದ್ದರೆ ಕ್ರ್ಯಾಂಕ್ ಕೇಸ್‌ನಿಂದ ಗಾಳಿ ಸೋರದಂತೆ ತಡೆಯುವ ಕ್ರ್ಯಾಂಕ್ ಸೀಲ್ ಹೋಗಿದೆ, ಅದು ಅಂಗಡಿಗೆ.

ಅಂಗಡಿಗೆ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ಎಷ್ಟು ನಿಮಿಷಕ್ಕೆ ಸಾಯುತ್ತದೆ, ನಿಧಾನಕ್ಕೋ ಟಕ್ ಎಂದೋ, ಪ್ಲಗ್ ಒಣಗಿತ್ತೋ ಒದ್ದೆಯೋ, ನೀವು ಏನೇನು ಬದಲಿಸಿದಿರಿ. ಮತ್ತೆ ಅಲ್ಲೇ ನಿಂತು, ಅದು ಸಾಯುವಷ್ಟು ಹೊತ್ತು ಓಡಿಸಲು ಹೇಳಿ. ಇಪ್ಪತ್ತು ನಿಮಿಷ ಆ ಸದ್ದು ಕೇಳಲು ಅವರಿಗೂ ಇಷ್ಟ ಇರುವುದಿಲ್ಲ. ಆದರೂ ಹೇಳಿ.